ಚಾರ್ಜ್ ತೆಗೆದುಕೊಳ್ಳುವವರು ಬೇಕಾಗಿದ್ದಾರೆ

ಗಾಳೇಶನ ವರ್ಗಾವಣೆಯ ಆದೇಶ ಲಕ್ಷ್ಮಣಪ್ಪನವರ ಚಹಾದ ಗ್ಲಾಸಿನ ಕೆಳಗೆ ಆರು ದಿನ ಇತ್ತು. ಏಳನೆಯ ದಿನ, ಗುರುವಾರ ಬೆಳಿಗ್ಗೆ, ಜವಾನ ಹಂಪಣ್ಣ ಟೇಬಲ್ ಒರೆಸಲೆಂದು ಗ್ಲಾಸು ಎತ್ತಿದಾಗ ಅದರ ತಳಕ್ಕೆ ಅಂಟಿಕೊಂಡು ಕಾಗದವೂ ಮೇಲೆ ಬಂತು. ಸರ್ಕಾರದ ಮೊಹರಿನ ಸುತ್ತ ಚಹಾದ ಆರು ವರ್ತುಲಗಳು ಮೂಡಿ, ಕಾಗದವು ಯಾರದೋ ಜಾತಕದ ಕುಂಡಲಿಯಂತೆ ಕಾಣುತ್ತಿತ್ತು. ಹಂಪಣ್ಣ ಅದನ್ನು ತಂದು ಗಾಳೇಶನ ಮುಂದೆ ಇಟ್ಟು, ಇದು ನಿಮ್ಮ ಹೆಸರಿಗೆ ಬಂದಂತಿದೆ, ಆದರೆ ಚಹಾ ಮಾತ್ರ ಲಕ್ಷ್ಮಣಪ್ಪನವರದು ಎಂದ.

ಗಾಳೇಶ ಓದಿದ. ಮತ್ತೊಮ್ಮೆ ಓದಿದ. ಕುಷ್ಟಗಿಯಿಂದ ಕೊಪ್ಪಳಕ್ಕೆ. ಹನ್ನೊಂದು ವರ್ಷ, ಏಳು ಅರ್ಜಿ, ಈಗ ಒಂದು ಆದೇಶ. ಅವನ ಹೆಂಡತಿ ಭವಾನಿ ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದ ಒಂದು ಶಾಲೆಯಲ್ಲಿ ಶಿಕ್ಷಕಿ. ಮನೆ ಅಲ್ಲೇ. ಗಾಳೇಶ ಶನಿವಾರ ಸಂಜೆ ಹೋಗುತ್ತಿದ್ದ, ಸೋಮವಾರ ಬೆಳಗಾಗುವ ಮುಂಚೆ ಹೊರಡುತ್ತಿದ್ದ. ಮಗಳು ಕವಿತಾ ‘ನಮ್ಮ ಕುಟುಂಬ’ ಎಂಬ ಪ್ರಬಂಧದಲ್ಲಿ ‘ನಮ್ಮ ತಂದೆಯವರು ರವಿವಾರ ಇರುತ್ತಾರೆ’ ಎಂದು ಬರೆದಿದ್ದಳು. ಗುರುಗಳು ಅದಕ್ಕೆ ತಪ್ಪು ಹಾಕಿರಲಿಲ್ಲ. ಸರಿ ಹಾಕಿದ್ದರು. ಅದೇ ಗಾಳೇಶನನ್ನು ಹೆಚ್ಚು ನೋಯಿಸಿದ್ದು.

ಆದೇಶದ ಕೊನೆಯ ಸಾಲಿಗೆ ಬಂದಾಗ ಅವನ ಮುಖದ ಬೆಳಕು ಮೆಲ್ಲಗೆ ಇಳಿಯಿತು. ಆದೇಶ ಕಚೇರಿಗೆ ತಲುಪಿದ ಏಳು ದಿನಗಳೊಳಗೆ ಪ್ರಭಾರ ವಹಿಸಿಕೊಟ್ಟು ಕೊಪ್ಪಳದಲ್ಲಿ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಈ ಆದೇಶ ತಾನಾಗಿಯೇ ರದ್ದಾಗುತ್ತದೆ ಎಂದಿತ್ತು. ಏಳನೆಯ ದಿನ ಇವತ್ತು. ಸಂಜೆ ಐದೂವರೆಗೆ ಮುಗಿಯುತ್ತದೆ.

ಪ್ರಭಾರ ಎಂಬುದು ಕಾಗದದ ಮಾತು. ಬಾಯಲ್ಲಿ ಅದು ಚಾರ್ಜ್. ನಮ್ಮ ಸೀಮೆಯಲ್ಲಿ ಈ ಶಬ್ದಕ್ಕೆ ಇರುವಷ್ಟು ಅವತಾರಗಳು ದೇವರಿಗೂ ಇಲ್ಲ. ಬಸ್ಸಿನಲ್ಲಿ ಅದು ಟಿಕೀಟಿನ ರೊಕ್ಕ, ಮೊಬೈಲಿನಲ್ಲಿ ಜೀವ, ಪೊಲೀಸರ ಕೈಯಲ್ಲಿ ಲಾಠಿ, ಕೋರ್ಟಿನಲ್ಲಿ ಆರೋಪದ ಹಾಳೆ. ದವಾಖಾನೆಯಲ್ಲಿ ಅದರ ಮುಂದೆ ಒಂದು ‘ಡಿಸ್’ ಸೇರಿದರೆ ಬಿಡುಗಡೆ. ಸರ್ಕಾರಿ ಕಚೇರಿಯಲ್ಲಿ ಮಾತ್ರ ಅದು ಕೊರಳಿಗೆ ಕಟ್ಟಿದ ಕಲ್ಲು. ಇನ್ನೊಂದು ಕೊರಳು ಸಿಗುವ ತನಕ ಇಳಿಸುವಂತಿಲ್ಲ.

ಗಾಳೇಶನ ಕೊರಳಲ್ಲಿದ್ದದ್ದು ಸ್ಟೋರಿನ ಚಾರ್ಜ್. ಹನ್ನೊಂದು ವರ್ಷದ ಹಿಂದೆ ಹೊಸದಾಗಿ ನೌಕರಿಗೆ ಬಂದ ದಿನ, ಇನ್ನು ಮೇಲೆ ನೀನೇ ಇನ್‌ಚಾರ್ಜ್ ಎಂದು ಲಕ್ಷ್ಮಣಪ್ಪನವರು ಬೆನ್ನು ತಟ್ಟಿದ್ದರು. ಆ ಮಾತಿನ ಗತ್ತಿಗೆ ಮರುಳಾಗಿ ಅವನು ತೊಂಬತ್ತಮೂರು ಸಾಮಾನುಗಳ ಪಟ್ಟಿಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದ. ಕುರ್ಚಿ, ಕಪಾಟು, ಮೂರು ಕಾಲಿನ ಮೇಜು, ಸತ್ತ ಟೈಪ್‌ರೈಟರು. ನಲವತ್ತೊಂದನೆಯದು: ಸೈಕಲ್ಲು, ಒಂದು, ಕಪ್ಪು ಬಣ್ಣ, ಗಂಟೆ ಸಹಿತ.

ಆ ಸೈಕಲ್ಲನ್ನು ಯಾರೂ ನೋಡಿರಲಿಲ್ಲ. ಗಾಳೇಶ ನೋಡಿರಲಿಲ್ಲ, ಅವನಿಗೆ ಚಾರ್ಜ್ ಕೊಟ್ಟವರೂ ನೋಡಿರಲಿಲ್ಲ, ಅವರಿಗೆ ಕೊಟ್ಟವರು ತೀರಿಕೊಂಡಿದ್ದರು. ಆದರೆ ಪ್ರತಿ ಮಾರ್ಚಿನಲ್ಲಿ ಸಾಮಾನು ಎಣಿಸುವಾಗ ಅದರ ಮುಂದೆ ‘ಇದೆ’ ಎಂದು ಬರೆಯಲಾಗುತ್ತಿತ್ತು. ನಿರ್ಗುಣ, ನಿರಾಕಾರ, ಆದರೂ ಇದೆ. ಗುಡಿಯಲ್ಲಾದರೆ ಕೈ ಮುಗಿದು ಸುಮ್ಮನಾಗಬಹುದು. ಸ್ಟೋರಿನಲ್ಲಿ ಹಾಗಲ್ಲ. ಯಾರ ಚಾರ್ಜಿನಲ್ಲಿ ಅದು ಇಲ್ಲವೆಂದು ತೇಲುತ್ತದೋ ಅವರ ಮೇಲೆ ವಿಚಾರಣೆ. ಆದ್ದರಿಂದಲೇ ಗಾಳೇಶನ ಚಾರ್ಜ್ ಎಂದರೆ ಇಡೀ ಕಚೇರಿ ಮಾರು ದೂರ ಸರಿಯುತ್ತಿತ್ತು.

ಅವನು ಮೊದಲು ಲಕ್ಷ್ಮಣಪ್ಪನವರ ಮುಂದೆ ಹೋಗಿ ನಿಂತ. ಕಚೇರಿಯಲ್ಲಿ ಅವರೇ ಹಿರಿಯರು. ಆದೇಶ ಗ್ಲಾಸಿನ ಕೆಳಗೆ ಇದ್ದದ್ದಕ್ಕೆ ಅವರು ಬೇಸರ ಪಟ್ಟುಕೊಂಡರು, ಫ್ಯಾನಿನ ಗಾಳಿಗೆ ಹಾರಬಾರದೆಂದು ಕಾಳಜಿಯಿಂದ ಇಟ್ಟಿದ್ದೆ ಎಂದರು. ಚಾರ್ಜಿನ ಮಾತು ಬಂದಾಗ ಮಾತ್ರ ಎಲೆ ಅಡಿಕೆಯ ಡಬ್ಬಿ ತೆರೆದರು.

“ತಮ್ಮಾ, ಯಲಬುರ್ಗಾದ್ದೊಂದು, ಕನಕಗಿರಿದೊಂದು, ಎರಡು ಚಾರ್ಜ್ ಈಗಾಗ್ಲೇ ನನ್ನ ಕೊರಳಾಗ ಅದಾವು. ಮೂರನೇದೂ ಹಾಕಿದ್ರ ನಾ ಮನಷ್ಯಾ ಉಳಿಯೂದಿಲ್ಲ, ಗೂಟ ಆಗ್ತೀನಿ.”

“ಹಂಗನಬ್ಯಾಡ್ರಿ. ಇವತ್ತ ಒಂದು ಸಹಿ ಹಾಕ್ರಿ ಸಾಕು.”

“ಹಾಕ್ತೀನಿ. ಆ ಸೈಕಲ್ ತೋರಿಸು.”

“ನನಗ ಚಾರ್ಜ್ ಕೊಟ್ಟಾವ್ರು ನೀವ ಅಲ್ಲೇನ್ರಿ?”

“ಅದಕ್ಕ ಹೇಳಾಕತ್ತೀನಿ,” ಎಂದರು ಲಕ್ಷ್ಮಣಪ್ಪನವರು ಸುಣ್ಣ ಸವರುತ್ತ. “ಅದು ಇಲ್ಲ ಅಂತ ನನಗ ಗೊತ್ತೈತಿ.”

ಆದರೂ ಅವರು ಕೈ ಬಿಡಲಿಲ್ಲ, ಸಲಹೆ ಕೊಟ್ಟರು. ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ, ಪ್ರಭುರಾಜ ಹುಡುಗ ಇದ್ದಾನೆ, ಅವನು ಹೂಂ ಅನ್ನುವಷ್ಟರಲ್ಲಿ ನೀನು ರೂಮು ಖಾಲಿ ಮಾಡಿಕೊಂಡು ಟ್ರಂಕು ತಂದುಬಿಡು, ಸಂಜೆ ಗಡಿಬಿಡಿಯಾಗಬಾರದು ಎಂದರು. ಗಾಳೇಶನಿಗೆ ಅದು ಸರಿ ಅನ್ನಿಸಿತು. ಓಡಿ ಹೋಗಿ ಹಾಸಿಗೆ ಸುತ್ತಿ, ಟ್ರಂಕಿಗೆ ಬೀಗ ಹಾಕಿ, ಬಾಡಿಗೆ ಮನೆಯ ಒಡತಿ ಸುಂಕಲಮ್ಮನ ಕೈಗೆ ಕೀಲಿ ಕೊಟ್ಟ. ಆಕೆ ಕಣ್ಣೀರು ಒರೆಸಿಕೊಳ್ಳುತ್ತಿರುವಾಗಲೇ ಇನ್ನೊಬ್ಬರು ಹಾಸಿಗೆ ಸುರುಳಿ ಹೊತ್ತು ಒಳಗೆ ಬಂದರು. ವಿಚಾರಿಸಿದರೆ ಲಕ್ಷ್ಮಣಪ್ಪನವರ ಅಳಿಯಂದಿರು. ಮಾವನವರು ಫೋನು ಮಾಡಿ ಹತ್ತು ನಿಮಿಷವಾಗಿತ್ತಂತೆ.

ಟ್ರಂಕು, ಹಾಸಿಗೆ ಸುರುಳಿ ಹೊತ್ತು ಕಚೇರಿಗೆ ಮರಳಿದಾಗ ಪ್ರಭುರಾಜನ ಕುರ್ಚಿ ಖಾಲಿ. ಚಾರ್ಜಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಅವನಿಗೆ ಎದೆ ಹಿಡಿದಂತಾಗಿ, ತಾನೇ ಮೋಟರ್ ಸೈಕಲ್ ಓಡಿಸಿಕೊಂಡು ಹೋಗಿ ದವಾಖಾನೆಗೆ ಸೇರಿಕೊಂಡಿದ್ದಾನೆ ಎಂದು ಹಂಪಣ್ಣ ಹೇಳಿದ. ಕಂಪ್ಯೂಟರಿನ ಹಿಂದಿನಿಂದ ಹಸೀನಾಬೇಗಂ ತಲೆ ಎತ್ತಿದಳು. ಗುತ್ತಿಗೆಯ ಮೇಲೆ ಬಂದ ಹುಡುಗಿ, ಕಚೇರಿಯ ಅರ್ಧ ಕೆಲಸ ಅವಳದೇ.

“ಅಣ್ಣಾರ, ನಾ ತೊಗೋತೀನ್ರಿ ನಿಮ್ಮ ಚಾರ್ಜ್. ಸೈಕಲ್ಲಿಗೆ ನಾ ಹೆದರಂಗಿಲ್ಲ. ಆದ್ರ ನನ್ನ ಸಹಿ ಸರ್ಕಾರಕ್ಕ ನಡಿಯೂದಿಲ್ಲಲ್ರಿ.”

ಇಡೀ ದಿನದಲ್ಲಿ ಗಾಳೇಶನಿಗೆ ಹೂಂ ಅಂದದ್ದು ಆಕೆ ಒಬ್ಬಳೇ. ಆಕೆಯ ಹೂಂಗೆ ಕಾಯಿದೆಯ ಬೆಲೆ ಇರಲಿಲ್ಲ. ಅವನು ಕೈ ಮುಗಿದು ಟ್ರಂಕು ಎತ್ತಿಕೊಂಡ.

ಜಿಲಾನಸಾಬನ ಆಟೋ ಹತ್ತಿ ದವಾಖಾನೆಗೆ ಹೋದ. ಟ್ರಂಕಿಗೆ ಬೇರೆ ಚಾರ್ಜ್, ಹೊರಗೆ ಕಾದು ನಿಂತರೆ ವೇಟಿಂಗ್ ಚಾರ್ಜ್ ಎಂದು ಜಿಲಾನಸಾಬ ಮೊದಲೇ ಹೇಳಿದ. ನನ್ನ ಹತ್ತಿರವೂ ಒಂದು ಚಾರ್ಜ್ ಇದೆ, ಬೇಕಾದರೆ ಅದನ್ನೇ ಪುಕ್ಕಟೆ ಕೊಡುತ್ತೇನೆ ಎಂದ ಗಾಳೇಶ. ಜಿಲಾನಸಾಬನಿಗೆ ಅರ್ಥವಾಗಲಿಲ್ಲ, ಆದರೂ ಬೇಡ ಎಂದ. ಕುಷ್ಟಗಿಯಲ್ಲಿ ಆಟೋದವರಿಗೂ ಅಷ್ಟು ತಿಳುವಳಿಕೆ ಇತ್ತು.

ಪ್ರಭುರಾಜ ಮಂಚದ ಮೇಲೆ ಕುಳಿತು ಗಿರ್ಮಿಟ್ ತಿನ್ನುತ್ತಿದ್ದ. ಬಾಗಿಲಲ್ಲಿ ಟ್ರಂಕು ಕಂಡೊಡನೆ ಪೊಟ್ಟಣ ದಿಂಬಿನ ಕೆಳಗೆ ಹೋಯಿತು, ಪ್ರಭುರಾಜ ದಿಂಬಿನ ಮೇಲೆ ಹೋದ. ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿನಲ್ಲಿ ಅವನ ಮೊಬೈಲು ಆರಾಮಾಗಿ ಚಾರ್ಜ್ ಆಗುತ್ತಿತ್ತು. ಗಾಳೇಶ ಪಟ್ಟಿ ಬಿಚ್ಚಿ, ಪೆನ್ನು ತೆಗೆದು, ಮಲಗಿದಲ್ಲೇ ಒಂದು ಸಹಿ ಹಾಕಿಬಿಡು ಎಂದು ಬೇಡಿಕೊಂಡ.

“ಅಣ್ಣಾ, ಡಾಕ್ಟ್ರು ಡಿಸ್ಚಾರ್ಜ್ ಮಾಡೂತನಕ ನಾ ಯಾವ ಚಾರ್ಜೂ ತೊಗೊಳಂಗಿಲ್ಲ,” ಎಂದ ಪ್ರಭುರಾಜ, ಬಾಯಲ್ಲಿದ್ದ ಚುರುಮುರಿಯನ್ನು ಸದ್ದಾಗದಂತೆ ನುಂಗಿ. “ಎದಿಗೆ ಭಾರ ಆಗಬಾರದಂತ.”

ನರ್ಸಮ್ಮ ಅಲ್ಲೇ ಇದ್ದಳು. ಈತನಿಗೆ ಏನೂ ಆಗಿಲ್ಲ, ಡಾಕ್ಟರು ಡಿಸ್ಚಾರ್ಜ್ ಬರೆದು ಒಂದು ತಾಸಾಯಿತು, ಮಂಚ ಬಿಟ್ಟು ಏಳುವುದಿಲ್ಲ, ನೀವು ಈತನ ಕಡೆಯವರಾದರೆ ಕರೆದುಕೊಂಡು ಹೋಗಿ ಎಂದಳು. ಪ್ರಭುರಾಜ ಕಣ್ಣು ಮುಚ್ಚಿಕೊಂಡ. ಹಾಗೆ ಮುಚ್ಚಿದ ಕಣ್ಣನ್ನು ತೆರೆಸುವ ಮಂತ್ರ ಗಾಳೇಶನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಬೆಳಿಗ್ಗೆಯೇ ಅವನಿಂದ ಸುದ್ದಿ ತಿಳಿದಿದ್ದ ಭವಾನಿ.

“ಯಾರರ ಸಿಕ್ರೇನ್ರಿ? ನಾ ಇಲ್ಲೇ ದೇವರ ಮುಂದ ದೀಪ ಹಚ್ಚಿ...”

ಫೋನು ಸತ್ತಿತು. ಚಾರ್ಜ್ ಮುಗಿದಿತ್ತು. ಬೇಡವಾದ ಕಡೆ ಮುಗಿಯುತ್ತದೆ, ಬೇಕಾದ ಕಡೆ ಮುಗಿಯುವುದಿಲ್ಲ ಎಂದುಕೊಂಡು ಗಾಳೇಶ ಹೊರಗೆ ಬಂದು ಟ್ರಂಕಿನ ಮೇಲೆ ಕುಳಿತ. ಮಧ್ಯಾಹ್ನ ಒಂದು ಗಂಟೆ. ಬಿಸಿಲು ಪಟ್ಟಿಯ ತೊಂಬತ್ತಮೂರು ಸಾಮಾನುಗಳನ್ನೂ ಒಂದೊಂದಾಗಿ ಅವನ ತಲೆಯ ಮೇಲೆ ಇಡುತ್ತಿತ್ತು.

ಅಲ್ಲಿಗೆ ಹಂಪಣ್ಣ ಸೈಕಲ್ ತುಳಿಯುತ್ತ ಬಂದ. ಅದು ಅವನ ಸ್ವಂತದ್ದು, ಬಣ್ಣ ಕೆಂಪು. ಆದರೂ ಗಾಳೇಶ ಅದನ್ನು ಒಂದು ಗಳಿಗೆ ಆಸೆಯಿಂದ ನೋಡಿದ. ಹಂಪಣ್ಣ ತಕ್ಷಣ ಇಳಿದು ಅದಕ್ಕೆ ಬೀಗ ಹಾಕಿ, ಆಮೇಲೆ ಮಾತು ಶುರು ಮಾಡಿದ.

“ಸಾಹೇಬ್ರ, ಇಲ್ಲಿ ಯಾರೂ ತೊಗೊಳಂಗಿಲ್ಲ. ನೀವು ಸೀದಾ ಕೊಪ್ಪಳಕ್ಕ ಹೋಗ್ರಿ. ಜಿಲ್ಲಾ ಕಚೇರ್ಯಾಗ ವಿರೂಪಾಕ್ಷಮ್ಮ ಮೇಡಂ ಅದಾರ. ಭಾಳ ಛಲೋ ಮನಷ್ಯಾಳು. ಮೂವತ್ತ ವರ್ಷದ ಆದೇಶ ಎಲ್ಲಾ ಬಾಯಾಗ ಅದಾವು. ಅವ್ರ ಕಡೆ ದಾರಿ ಇಲ್ಲಂದ್ರ ಅದು ಇಲ್ಲ ಅಂತ ತಿಳೀರಿ.”

ಒಂದೂವರೆಯ ಬಸ್ಸಿಗೆ ಟ್ರಂಕು ಏರಿತು. ಅದಕ್ಕೂ ಲಗೇಜ್ ಚಾರ್ಜ್ ಕೊಟ್ಟದ್ದಾಯಿತು. ಒಂದೂವರೆ ತಾಸಿನ ದಾರಿ, ಮೂರಕ್ಕೆ ಮುಟ್ಟಬೇಕು. ಗಾಳೇಶ ಕಿಟಕಿಗೆ ತಲೆ ಕೊಟ್ಟು, ಚಿಕ್ಕಂದಿನಲ್ಲಿ ಊರ ಮಠದಲ್ಲಿ ಕೇಳಿದ ಪುರಾಣಗಳನ್ನು ನೆನೆಸಿಕೊಂಡ. ಶಾಪ ಬಿದ್ದವರಿಗೆ ಅಲ್ಲಿ ಒಂದು ಗಡುವು ಇರುತ್ತಿತ್ತು. ಇಂಥವನ ಕಾಲು ತಾಗಿದಾಗ, ಇಂಥ ತೀರ್ಥದಲ್ಲಿ ಮುಳುಗಿದಾಗ ಬಿಡುಗಡೆ ಎಂದು ಶಾಪ ಕೊಟ್ಟವರೇ ಹೇಳಿಬಿಡುತ್ತಿದ್ದರು. ಇನ್ನೊಬ್ಬನಿಗೆ ಅದೇ ಶಾಪವನ್ನು ವಹಿಸಿಕೊಟ್ಟು ಎರಡು ಪ್ರತಿಯಲ್ಲಿ ಸಹಿ ಪಡೆಯಬೇಕು ಎಂದು ಯಾವ ಋಷಿಯೂ ಹೇಳಿರಲಿಲ್ಲ.

ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಲಾಠಿ ಚಾರ್ಜ್ ಆಗುತ್ತಿದೆ ಎಂದು ಎದುರಿನಿಂದ ಬಂದವರೊಬ್ಬರು ಹೇಳಿದರು. ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡರು. ಕಂಡಕ್ಟರು ಕಿಟಕಿ ಮುಚ್ಚಿಸಿದ. ಮುಚ್ಚಿದ ಬಸ್ಸಿನಲ್ಲಿ ಒಂದು ತಾಸು ಬೆವರಿದ ಮೇಲೆ ತಿಳಿದದ್ದೇನೆಂದರೆ, ದಾಳಿಂಬೆ ತುಂಬಿದ ಲಾರಿ ಮಗ್ಗುಲಾಗಿ ಹಣ್ಣೆಲ್ಲ ರಸ್ತೆಗೆ ಉರುಳಿದೆ, ಆರಿಸಿಕೊಳ್ಳಲು ನಾಲ್ಕು ಊರಿನವರು ಕೂಡಿದ್ದಾರೆ, ಇಬ್ಬರು ಪೊಲೀಸರು ಲಾಠಿಯಿಂದ ಹಣ್ಣನ್ನು ಒಂದು ಕಡೆಗೆ ಗುಡಿಸುತ್ತಿದ್ದಾರೆ. ಬಸ್ಸಿನವರೂ ಇಳಿದು ಉಡಿ ತುಂಬಿಕೊಂಡು ಬಂದರು. ಟ್ರಂಕು ಬಿಟ್ಟು ಇಳಿಯಲಾರದೆ ಕುಳಿತೇ ಇದ್ದ ಗಾಳೇಶನಿಗೆ ಪಕ್ಕದ ಮುದುಕ ಒಂದು ಹಣ್ಣು ಕೊಟ್ಟ. ಒಡೆದು ನೋಡಿದರೆ ಹುಳುಕು.

ಅವನು ಕೊಪ್ಪಳದ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತುವಾಗ ಗಡಿಯಾರ ನಾಲ್ಕು ಮುಕ್ಕಾಲು ತೋರಿಸುತ್ತಿತ್ತು. ವಿರೂಪಾಕ್ಷಮ್ಮ ಮೇಡಂ ಹಣೆಗೆ ವಿಭೂತಿ ಇಟ್ಟುಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಫೈಲುಗಳ ನಡುವೆ ಗದ್ದುಗೆಯ ಮೇಲೆ ಕುಳಿತಂತೆ ಕುಳಿತಿದ್ದರು. ಟ್ರಂಕು ನೋಡಿ ಏನೂ ಕೇಳಲಿಲ್ಲ. ಮೊದಲು ನೀರು ಕುಡಿಸಿದರು. ಆಮೇಲೆ ಅವನ ಕತೆಯನ್ನು ಗ್ಲಾಸಿನಿಂದ ಹಿಡಿದು ದಾಳಿಂಬೆಯ ತನಕ ತಡೆಯದೆ ಕೇಳಿದರು. ಹನ್ನೊಂದು ವರ್ಷದಲ್ಲಿ ಅವನ ಮಾತನ್ನು ಯಾರೂ ಇಷ್ಟು ದೂರ ಕೇಳಿರಲಿಲ್ಲ. ಗಾಳೇಶನ ಕಣ್ಣು ಒದ್ದೆಯಾದವು.

“ಇಷ್ಟಕ್ಕ ಯಾಕ ಅಷ್ಟು ಸಂಕಟ ಮಾಡ್ಕೊಂಡ್ರಿ?” ಎಂದರು ಮೇಡಂ. “ಇದಕ್ಕ ಹಳೇ ಆದೇಶ ಐತ್ರಿ.”

ಅವರು ಕಪಾಟಿನ ಕಡೆ ನೋಡದೆಯೇ ಕೈ ಚಾಚಿ ಒಂದು ಫೈಲು ಎಳೆದರು. ಒಳಗಿನ ಹಾಳೆ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ತಾಲೂಕಿನ ಸ್ಟೋರಿನ ಹುದ್ದೆ ಖಾಲಿಯಾಗಿ, ಅಲ್ಲಿ ಚಾರ್ಜ್ ತೆಗೆದುಕೊಳ್ಳಲು ಯಾರೂ ಇಲ್ಲದಿದ್ದರೆ, ಬೇರೆ ವ್ಯವಸ್ಥೆ ಆಗುವವರೆಗೆ ಜಿಲ್ಲಾ ಕಚೇರಿಯ ಸ್ಟೋರಿನ ಗುಮಾಸ್ತರೇ ತೆಗೆದುಕೊಳ್ಳತಕ್ಕದ್ದು. ಅವರು ಒಲ್ಲೆ ಎನ್ನುವಂತಿಲ್ಲ, ರಜೆ ಹಾಕುವಂತಿಲ್ಲ, ದವಾಖಾನೆ ಸೇರುವಂತಿಲ್ಲ. ಕೊನೆಯದು ಆದೇಶದಲ್ಲಿ ಇರಲಿಲ್ಲ, ಪ್ರಭುರಾಜನ ಕತೆ ಕೇಳಿ ಮೇಡಂ ತಾವೇ ಸೇರಿಸಿದರು.

ಗಾಳೇಶ ಬಗ್ಗಿ ಕಾಲು ಮುಟ್ಟಲು ಹೋದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, ಮೊದಲು ನಿಮ್ಮ ಹಾಜರಿ ಮುಗಿಸೋಣ, ಐದೂವರೆ ದಾಟಿದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಅವನು ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಿದ. ಹೊಸ ಹುದ್ದೆಯ ಕಾಗದಕ್ಕೂ ಓದುವ ಗೊಡವೆಗೆ ಹೋಗದೆ ಸಹಿ ಹಾಕಿದ. ಕೊಪ್ಪಳದವನಾದ. ಎದೆಯ ಮೇಲಿನ ಕಲ್ಲು ಇನ್ನೇನು ಇಳಿಯಿತು ಎಂಬಷ್ಟರಲ್ಲಿ, ಆ ಕಲ್ಲು ಹೊರುವ ಅಪರಿಚಿತನ ಮೇಲೆ ಅವನಿಗೆ ಮರುಕ ಹುಟ್ಟಿತು.

“ಮೇಡಂ, ಆ ಗುಮಾಸ್ತರಿಗೆ ನಾನ ಎಲ್ಲಾ ತಿಳಿಸಿ ಹೇಳ್ತೀನ್ರಿ. ನಲವತ್ತೊಂದನೇ ಸಾಮಾನಿಂದೂ ಮುಚ್ಚಿಡಂಗಿಲ್ಲ. ಎಲ್ಲಿ ಅದಾರ ಅವ್ರು?”

“ಇವತ್ತ ಬಂದು ಹಾಜರಾಗ್ಯಾರ.”

“ಹೆಸರೇನ್ರಿ?”

ವಿರೂಪಾಕ್ಷಮ್ಮ ಮೇಡಂ ಕನ್ನಡಕ ಮೇಲೇರಿಸಿ, ಸಹಿಯ ಹಸಿ ಇನ್ನೂ ಆರದ ಕಾಗದವನ್ನು ಹತ್ತಿರ ಹಿಡಿದು ಓದಿದರು.

“ಗಾಳೇಶ ಅಂತ.”

ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಆಟೋದವನ ಜತೆ ಚಾರ್ಜಿಗಾಗಿ ಜಗಳಾಡುತ್ತಿದ್ದರು. ಗಾಳೇಶ ಟ್ರಂಕಿನ ಮೇಲೆ ಮತ್ತೆ ಕುಳಿತ. ಇದು ಹೇಗೆ ಸಾಧ್ಯ ಎಂದು ಅವನು ಕೇಳಿದ, ಬಹಳ ಮೆತ್ತಗೆ. ಮೇಡಂ ಮಗುವಿಗೆ ಲೆಕ್ಕ ಹೇಳಿಕೊಡುವಂತೆ ಹೇಳಿಕೊಟ್ಟರು. ಕುಷ್ಟಗಿಯ ಗಾಳೇಶ ಚಾರ್ಜ್ ಕೊಡಬೇಕು, ಆಗಲೇ ಅವನಿಗೆ ಬಿಡುಗಡೆ. ಕೊಪ್ಪಳದ ಗಾಳೇಶ ತೆಗೆದುಕೊಳ್ಳಬೇಕು, ಯಾಕೆಂದರೆ ಆದೇಶ ಇದೆ. ಇದರಲ್ಲಿ ಕಾಯಿದೆಗೆ ಏನೂ ತೊಡಕಿಲ್ಲ. ನಿಜ ಹೇಳಬೇಕೆಂದರೆ ಇಷ್ಟು ಜಗಳವಿಲ್ಲದೆ ಚಾರ್ಜ್ ಕೈ ಬದಲಾದದ್ದನ್ನು ಅವರು ತಮ್ಮ ನೌಕರಿಯಲ್ಲೇ ನೋಡಿರಲಿಲ್ಲ.

ಕೊಟ್ಟವರು ಎಂಬಲ್ಲಿ ಗಾಳೇಶ ಸಹಿ ಹಾಕಿದ. ತೆಗೆದುಕೊಂಡವರು ಎಂಬಲ್ಲಿ ಗಾಳೇಶ ಸಹಿ ಹಾಕಿದ. ಎರಡೂ ಒಂದೇ ಕೈಬರಹದಂತೆ ಕಾಣುತ್ತವೆ ಎಂದು ಮೊಹರು ಒತ್ತುವ ಗುಮಾಸ್ತ ಆಕ್ಷೇಪ ತೆಗೆದದ್ದರಿಂದ, ಎರಡನೆಯದನ್ನು ಸ್ವಲ್ಪ ವಾಲಿಸಿ ಬರೆಯಬೇಕಾಯಿತು. ಸೋಮವಾರ ಒಂದು ದಿನ ಕೊಪ್ಪಳದಲ್ಲಿ ಇರಿ, ಉಳಿದ ಐದು ದಿನ ಕುಷ್ಟಗಿಯ ಸ್ಟೋರು ನೋಡಿಕೊಂಡು ಬನ್ನಿ, ಬೇರೆ ವ್ಯವಸ್ಥೆ ಆಗುವವರೆಗೆ ಎಂದರು ಮೇಡಂ. ಸರ್ಕಾರದ ಭಾಷೆಯಲ್ಲಿ ಆ ಕೊನೆಯ ಮೂರು ಶಬ್ದಗಳಿಗೆ ಯುಗಾಂತ್ಯವೆಂದು ಅರ್ಥ ಎಂಬುದು ಗಾಳೇಶನಿಗೆ ಗೊತ್ತಿತ್ತು. ಮೊದಲಾದರೆ ಕುಷ್ಟಗಿಯಲ್ಲಿ ರಾತ್ರಿ ಮೈ ಚೆಲ್ಲಲು ಒಂದು ರೂಮಾದರೂ ಇತ್ತು. ಈಗ ಅಲ್ಲಿ ಲಕ್ಷ್ಮಣಪ್ಪನವರ ಅಳಿಯಂದಿರು ಮಲಗುತ್ತಾರೆ.

ಭಾಗ್ಯನಗರದ ಮನೆಯ ಬಾಗಿಲಲ್ಲಿ ಭವಾನಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಟ್ರಂಕು ಮತ್ತು ಹಾಸಿಗೆ ಸುರುಳಿ ಕಂಡೊಡನೆ ಅವಳಿಗೆ ಎಲ್ಲ ತಿಳಿದಂತಾಯಿತು. ದೃಷ್ಟಿ ತೆಗೆದಳು, ಕಾಲಿಗೆ ನೀರು ಕೊಟ್ಟಳು. ಒಳಗಿನಿಂದ ಬೆಲ್ಲ ಮತ್ತು ತುಪ್ಪದ ವಾಸನೆ ಬರುತ್ತಿತ್ತು.

“ಚಾರ್ಜ್ ಕೊಟ್ರಿ?”

“ಕೊಟ್ಟೆ.”

“ಯಾರ್ರೀ ಆ ಪುಣ್ಯಾತ್ಮರು? ಹೆಸರು ಹೇಳ್ರಿ, ನಾಳೆ ಗವಿಮಠಕ್ಕ ಹೋಗಿ ಅವರ ಹೆಸರಿಲೆ ಒಂದು ಕಾಯಿ ಒಡಸ್ತೀನಿ.”

“ಒಡಸು,” ಎಂದ ಗಾಳೇಶ ಕಟ್ಟೆಯ ಮೇಲೆ ಕುಳಿತು. “ಅವನಿಗೆ ಬೇಕಾಗೈತಿ.”

“ಯಾವ ಊರಿನವ್ರು?”

“ಇದ ಊರಾಂವ. ಭಾಗ್ಯನಗರದಾಂವ.”

ಭವಾನಿ ತಂಬಿಗೆ ಕೆಳಗಿಟ್ಟು, ಕ್ಷಣ ಹೊತ್ತು ಆ ಕಾಣದ ಮನೆಯನ್ನು ಕಣ್ಣಿಗೆ ತಂದುಕೊಂಡಳು.

“ಅಯ್ಯ ಪಾಪ. ದಿನಾ ಕುಷ್ಟಗಿಗೆ ಹೋಗಿ ಬರಬೇಕಲ್ರಿ ಅಂವ. ಹೊತ್ತು ಮುಳುಗಿದ ಮ್ಯಾಲ ಮನಿ ಮುಟ್ಟತಾನ. ಹೆಂಡ್ತಿ ಏನಂದ್ಲೋ ಏನೋ.”

“ಆಕಿಗಿನ್ನಾ ಹೇಳಿಲ್ಲಂತ,” ಎಂದ ಗಾಳೇಶ. “ಊಟಾ ಆದ ಮ್ಯಾಲ ಹೇಳ್ತಾನ.”